ಹುಲ್ಲಿಗೆ ಎಷ್ಟು ಆಣೆ?

ಬೆಳಿಗ್ಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರಾಯಬಾಗ ಬಿಟ್ಟು ಕುಡಚಿ ಕಡೆ ಹೊರಟಾಗ ಕಿಟಕಿಯಾಚೆ ಕಬ್ಬು, ಕಬ್ಬು, ಮತ್ತೆ ಕಬ್ಬು. ನಡುವೆ ಒಮ್ಮೆಲೇ ಒಂದು ಮರಡಿ. ಕಂದು ಕಲ್ಲು, ಮೊಣಕಾಲಿಗೂ ಬಾರದ ಹುಲ್ಲು, ಒಂದು ಹಿಂಡು ಕುರಿ. ಎದುರು ಕೂತವರು ಅಂದರು: “ಎಷ್ಟ್ ಜಾಗಾ ಸುಮ್ನ ಖಾಲಿ ಬಿದ್ದೈತಿ ನೋಡ್ರಿ.”

ಕುರಿ ಮೇಯ್ತಿರೋ ಜಾಗ ಖಾಲಿ ಹೇಗಾಯ್ತು? ಈ ಪ್ರಶ್ನೆ ಹಿಡಿದು ಹೊರಟವನು ನೇರವಾಗಿ 1847ಕ್ಕೆ ಹೋಗಿ ಬಿದ್ದೆ.

ಅದಕ್ಕೂ ಮೊದಲು, 1820ರ ದಶಕದ ಕೊನೆಗೆ, ಮುಂಬೈ ಸರ್ಕಾರದ ಪ್ರಿಂಗಲ್ ಎಂಬ ಅಧಿಕಾರಿ ಪುಣೆಯ ಕಡೆ ಭೂಮಿ ಅಳೆಯಲು ಹೊರಟಿದ್ದ. ಇಂಗ್ಲೆಂಡಿನ ಹೇಲಿಬರಿ ಕಾಲೇಜಿನಲ್ಲಿ ಮಾಲ್ಥಸ್ ಕೈಯಲ್ಲಿ ಅರ್ಥಶಾಸ್ತ್ರ ಕಲಿತವನು. ಪ್ರತಿ ಜಾತಿಯ ಮಣ್ಣಿಗೂ ಖರ್ಚು ಕಳೆದು ಎಷ್ಟು ಉಳಿಯುತ್ತೆ ಅಂತ ಲೆಕ್ಕ ಹಾಕಿ, ಅದರ ಮೇಲೆ ಕಂದಾಯ ಕಟ್ಟುವ ಯೋಜನೆ. ಕಾಗದದ ಮೇಲೆ ಬಹಳ ಚಂದ. ಆದರೆ ಕೆಳಗಿಂದ ಬಂದ ಅಂಕಿಗಳೇ ಸುಳ್ಳು. ಕಂದಾಯ ಕಟ್ಟಲಾರದೆ ರೈತರು ಹೊಲ ಬಿಟ್ಟರು. ಕೆಟ್ಟ ಡೇಟಾದ ಮೇಲೆ ಒಳ್ಳೆ ಮಾಡೆಲ್ ಕೂರಿಸಿದರೆ ಏನಾಗುತ್ತೆ ಅನ್ನೋದು ನಿಮಗೆ ಹೊಸದಲ್ಲ ಬಿಡಿ.

ಆ ಸೋಲಿನಿಂದ ಹುಟ್ಟಿದ್ದು ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅವರ ಪದ್ಧತಿ. 1835ರ ಸುಮಾರಿಗೆ ಇಂದಾಪುರದಲ್ಲಿ ಶುರುವಾಗಿ, ವಿಂಗೇಟ್ ಜೊತೆ ದಕ್ಷಿಣ ಮರಾಠಾ ಪ್ರಾಂತಕ್ಕೆ, ಅಂದರೆ ನಮ್ಮ ಧಾರವಾಡ-ಬೆಳಗಾವಿಗೆ ಬಂತು. 1847ರ ಜಂಟಿ ವರದಿ ಅದಕ್ಕೆ ನಿಯಮದ ರೂಪ ಕೊಟ್ಟಿತು. ನನಗೆ ಇದು ನಿಜಕ್ಕೂ ಇಷ್ಟವಾಯ್ತು. ಲಾಭದ ಲೆಕ್ಕವನ್ನೇ ಬಿಟ್ಟು, ಕಣ್ಣಿಗೆ ಕಾಣೋದನ್ನ, ಕೈಗೆ ಸಿಗೋದನ್ನ ಅಳೆದರು. ಹೊಲವನ್ನು ಚೌಕಗಳಾಗಿ ಭಾಗಿಸೋದು, ಪ್ರತಿ ಚೌಕದಲ್ಲೂ ಅಗೆದು ನೋಡೋದು. ಮಣ್ಣಿಗೆ ಮೂರು ದರ್ಜೆ: ನುಣುಪಾದ ಕಪ್ಪು, ಸ್ವಲ್ಪ ಒರಟಾದ ಕೆಂಪು, ಕಲ್ಲು ಬೆರೆತ ಸಡಿಲ ಮಣ್ಣು. ಆಮೇಲೆ ಆಳ, ಅದೂ ಮೊಳದಲ್ಲಿ. ಒಂದೂಮುಕ್ಕಾಲು ಮೊಳ ಆಳದ ಎರೆ ಮಣ್ಣಿಗೆ ಪೂರ್ತಿ ಹದಿನಾರಾಣೆ. ಅಲ್ಲಿಂದ ಇಳಿಯುತ್ತಾ ಒಂಬತ್ತನೇ ವರ್ಗಕ್ಕೆ ಎರಡಾಣೆ. ಇಳಿಜಾರು, ಸುಣ್ಣದ ಹರಳು, ಮರಳು, ನೀರು ಹರಿದು ಕೊಚ್ಚುವುದು: ಹೀಗೆ ಒಂದೊಂದು ದೋಷಕ್ಕೆ ಒಂದೊಂದು ಗುರುತು, ಒಂದು ಗುರುತಿಗೆ ಒಂದು ವರ್ಗ ಕಡಿತ. ಕ್ಲಾಸರ್ ಬರೆದ ನಕ್ಷೆಯನ್ನು ಮೇಲಿನವನು ಹೊಲಕ್ಕೇ ಹೋಗಿ ಮತ್ತೆ ಅಗೆದು ಪರೀಕ್ಷಿಸಬಹುದಿತ್ತು. ಅದೇ ಇದರ ಜಾಣತನ.

ಅಳತೆಯ ಸರಪಳಿ 33 ಅಡಿ, ಅದರಲ್ಲೂ ಹದಿನಾರು ಆಣೆ. ಸರಪಳಿಯ ಚೌಕ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ಇವತ್ತು ಸೈಟು ಕೊಳ್ಳುವಾಗ ನಾವು ಹೇಳೋ ಗುಂಟೆ ಇದೇ.

ಆದರೆ ಈ ಪದ್ಧತಿ ಕೇಳಿದ್ದು ಒಂದೇ ಪ್ರಶ್ನೆ: ನೇಗಿಲು ಹೂಡಿದರೆ ಈ ನೆಲ ಎಷ್ಟು ಕಂದಾಯ ತಡೆದೀತು? ನೇಗಿಲು ಹೋಗದ ತುಂಡನ್ನು ‘ಖರಾಬ್’ ಅಂತ ಬರೆದು ಲೆಕ್ಕದಿಂದ ಕಳೆದರು. ಆಗ ಅದು ರೈತನಿಗೆ ಉಪಕಾರವೇ, ಆ ತುಂಡಿಗೆ ಕಂದಾಯ ಇಲ್ಲವಲ್ಲ! ಸಾಗುವಳಿ ಆಗದ ನಂಬರುಗಳ ಹುಲ್ಲನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತಿದ್ದರು. ಹುಲ್ಲಿಗೆ ಬೆಲೆ ಇತ್ತು, ವರ್ಗ ಇರಲಿಲ್ಲ. ಆ ಪದ ಮಾತ್ರ ಉಳಿದುಬಿಟ್ಟಿತು. ಪಹಣಿಯಲ್ಲಿ ನೋಡಿ, ‘ಫೋಟ್ ಖರಾಬ್ (ಅ)’, ‘(ಬ)’ ಅಂತ ಇವತ್ತಿಗೂ ಕಾಲಂ ಇದೆ.

ನಮ್ಮ ಕಡೆ ಈ ಕಥೆ ಇನ್ನೂ ತುಂಡುತುಂಡು. ರಾಯಬಾಗ 1949ರವರೆಗೆ ಕೊಲ್ಹಾಪುರ ಸಂಸ್ಥಾನದ್ದು. ನಿಪ್ಪಾಣಿ ಮತ್ತು ಕಾಗವಾಡ ತಾಲ್ಲೂಕು ಆಗಿದ್ದು ತೀರಾ ಈಚೆಗೆ, ಒಂದು ಚಿಕ್ಕೋಡಿಯಿಂದ, ಇನ್ನೊಂದು ಅಥಣಿಯಿಂದ ಬೇರೆಯಾಗಿ. ಪಶ್ಚಿಮದ ನಿಪ್ಪಾಣಿಯಿಂದ ಪೂರ್ವದ ಅಥಣಿಗೆ ನೂರು ಕಿಲೋಮೀಟರ್ ಕೂಡ ಇಲ್ಲ; ಅಷ್ಟರಲ್ಲೇ ಮಳೆನಾಡಿನ ಅಂಚಿನಿಂದ ಬರದ ಸೀಮೆಗೆ ಬಂದಿರ್ತೀವಿ. ಒಂದೇ ಮೊಳದ ಮಣ್ಣು ಎರಡೂ ಕಡೆ ಒಂದೇ ಹುಲ್ಲು ಕೊಡೋದಿಲ್ಲ.

ಹುಲ್ಲನ್ನೇ ಕೇಂದ್ರವಾಗಿಟ್ಟು ದೇಶ ಸುತ್ತಿದ್ದು ಸ್ವಾತಂತ್ರ್ಯದ ನಂತರ. 1954ರಿಂದ 1962ರವರೆಗೆ ನಡೆದ ಸಮೀಕ್ಷೆಯನ್ನು ದಬಡ್‌ಘಾವ್ ಮತ್ತು ಶಂಕರನಾರಾಯಣ್ 1973ರಲ್ಲಿ ಪುಸ್ತಕವಾಗಿ ತಂದರು. ಭಾರತದ ಹುಲ್ಲು ಐದು ಬಗೆ ಅಂದರು, ನಮ್ಮದು ಸೆಹಿಮಾ–ಡೈಕ್ಯಾಂಥಿಯಮ್. ಅವರ ಮುಖ್ಯ ಮಾತು, ಹುಲ್ಲು ನಿಂತಲ್ಲೇ ನಿಲ್ಲೋದಿಲ್ಲ. ಅತಿಯಾಗಿ ಮೇಯಿಸಿದರೆ ಒಳ್ಳೆ ಹುಲ್ಲು ಹಿಂದೆ ಸರಿದು ಮುಳ್ಳೂಬಿನ ಹುಲ್ಲು ಬರುತ್ತೆ, ಬಿಟ್ಟರೆ ಮತ್ತೆ ಮರಳುತ್ತೆ. ಹಾಗಾಗಿ ಒಂದು ದಿನ ನೋಡಿ ‘ಇದು ಇಂಥದ್ದು’ ಅಂತ ಬರೆದರೆ ಅರ್ಧ ಸತ್ಯ. ಆದರೆ ಇಡೀ ದಖ್ಖನ್ನಿಗೆ ಒಂದೇ ಬಣ್ಣ ಬಳಿದ ನಕ್ಷೆಯಲ್ಲಿ ರಾಯಬಾಗದ ಮರಡಿ ಎಲ್ಲಿ ಹುಡುಕ್ತೀರಿ?

ಇಲ್ಲಿ ಸ್ಕೇಲ್ ವಿಷಯ ಹೇಳಲೇಬೇಕು. ಒಂದೂರಿನ ಗಾಯರಾಣ ನಲವತ್ತು ಎಕರೆ ಅನ್ನಿ, 400 ಮೀಟರ್ ಚೌಕ. ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಸಂಸ್ಥೆ ಮಾಡಿದ ರಾಜ್ಯದ ಮಣ್ಣಿನ ನಕ್ಷೆ 1:2,50,000. ಅದರಲ್ಲಿ ಈ ಗಾಯರಾಣ 1.6 ಮಿಲಿಮೀಟರ್, ಅಕ್ಕಿಕಾಳಿಗಿಂತ ಚಿಕ್ಕದು. ಉಪಗ್ರಹದ ಬಂಜರು ಭೂಮಿ ನಕ್ಷೆ 1:50,000. ಅಲ್ಲಿ 8 ಮಿಲಿಮೀಟರ್, ಹೆಸರು ‘ಕುರುಚಲು ಇರುವ ಬಂಜರು’ ಅಥವಾ ‘ಕುರುಚಲು ಇಲ್ಲದ ಬಂಜರು’. ಹಳೆಯ ಗ್ರಾಮ ನಕ್ಷೆ ಮೈಲಿಗೆ ಎಂಟಿಂಚು, ಅಂದರೆ 1:7,920. ಅದರಲ್ಲಿ ಐದು ಸೆಂಟಿಮೀಟರ್. ಬೆರಳಿಟ್ಟು ತೋರಿಸಬಹುದು. ಸುಜಲಾ-3 ಯೋಜನೆಯಲ್ಲಿ ರಾಜ್ಯದ 11 ಜಿಲ್ಲೆಗಳ ಜಲಾನಯನಗಳಲ್ಲಿ ಮಣ್ಣು ಅಗೆದು ನೋಡಿದವರು ಕೊನೆಗೆ ಆರಿಸಿದ್ದೂ ಇದೇ 1:7,920. ಬೆಳಗಾವಿ ಆ ಹನ್ನೊಂದರಲ್ಲಿ ಇರಲಿಲ್ಲ.

2022ರಲ್ಲಿ ಮಧುಸೂದನ್ ಮತ್ತು ಅಬಿ ವನಕ್ ಎಂಬ ಪರಿಸರ ವಿಜ್ಞಾನಿಗಳು ಉಪಗ್ರಹ ಚಿತ್ರಗಳನ್ನೇ ಬಳಸಿ ಬೇರೆ ನಕ್ಷೆ ತಂದರು. ದೇಶದ ಸುಮಾರು ಶೇ. 10ರಷ್ಟು ನೆಲ ‘ತೆರೆದ ನೈಸರ್ಗಿಕ ಪರಿಸರ’, ಬಂಜರು ಅಲ್ಲ ಅಂದರು. ಅದೇ ಪಿಕ್ಸೆಲ್, ಹೆಸರು ಬೇರೆ. ಹೆಸರಿನ ಮೇಲೆ ಹಣೆಬರಹ. ಸೋಲಾರ್ ಪಾರ್ಕಿಗೆ, ಲೇಔಟಿಗೆ ಜಾಗ ಹುಡುಕುವವರು ಮೊದಲು ನೋಡೋದೇ ‘ಬಂಜರು’ ಪಟ್ಟಿ. ಕರ್ನಾಟಕದ ಭೂಕಂದಾಯ ನಿಯಮದ ಪ್ರಕಾರ ನೂರು ದನಕ್ಕೆ 12 ಹೆಕ್ಟೇರ್ ಗೋಮಾಳ ಬಿಡಬೇಕು, ಅದನ್ನು ಕಡಿಮೆ ಮಾಡುವ ಅಧಿಕಾರವೂ ಜಿಲ್ಲಾಧಿಕಾರಿಗೆ ಇದೆ.

ಆ ಸಲ ನಾನು ಇಳಿದಿದ್ದು ಚಿಂಚಲಿಯ ಮಾಯಕ್ಕನ ಜಾತ್ರೆಗೆ. ಅಲ್ಲೊಬ್ಬ ಹಿರಿಯ ಕುರುಬರನ್ನು ಕೇಳಿದೆ, ಕುರಿಗೆ ಒಳ್ಳೆ ನೆಲ ಯಾವುದು ಅಂತ. “ಯಾವಾಗ?” ಅಂದರು. ಮಳೆಗಾಲಕ್ಕೋ, ಸುಗ್ಗಿ ಆದಮೇಲಕ್ಕೋ? “ಮಳ್ಯಾಗ ಎರಿ ಹೊಲಕ್ಕ ಕುರಿ ಹೊಡದ್ರ ಕಾಲು ಕೊಳೀತಾವು. ಆವಾಗ ಮರಡಿನ ಬೇಕು, ಕಲ್ಲ ಇದ್ದಷ್ಟೂ ಚಲೋ. ಸುಗ್ಗಿ ಮುಗೀತಂದ್ರ ಎರಿ ಹೊಲದವ್ರ ಕರೀತಾರ, ಬರ್ರಿ ಕುರಿ ನಿಲ್ಲಸ್ರಿ, ಗೊಬ್ರ ಆಗತೈತಿ ಅಂತ.”

ತೆಳು ಮಣ್ಣು, ಕಲ್ಲು, ಇಳಿಜಾರು: ಕ್ಲಾಸರ್ ಆಣೆ ಕಳೆದ ಅದೇ ಗುರುತುಗಳಿಗೆ ಇವರು ಆಣೆ ಕೂಡಿಸುತ್ತಿದ್ದರು. ಹದಿನಾರಾಣೆ ಹೊಲಕ್ಕೆ ಬೀಳುವ ಗೊಬ್ಬರ ಮಳೆಗಾಲವಿಡೀ ಬದುಕೋದು ಖರಾಬಿನ ಮೇಲೆ.

ಈ ಸಲ ಮರಡಿ ಮೇಲೆ ಹುಲ್ಲು ಹೇಗಿದೆ ಅಂದೆ. “ಅರ್ಧಕ್ಕ ತಂತಿ ಬೇಲಿ ಬಂದೈತಿ” ಅಂದವರು, ಭಂಡಾರ ಹಚ್ಚಿದ ಹಣೆ ಒರೆಸಿಕೊಂಡು ಗುಡಿಯ ಸಾಲಿಗೆ ಹೋದರು.