ಬಿಡಿಭಾಗಗಳ ಚರಿತ್ರೆ: ಜೋಡಿಸುವ ಹೊಣೆ ಮನೆಗೆ ಬಂದ ಬಗೆ

ಇಂದು ಸಾಂಗಲಿ ಅಥವಾ ಮಿರಜದ ಯಾವುದಾದರೊಂದು ಮನೆಗೆ ಹೊಸ ಮೇಜು, ಕಪಾಟು, ಮಗುವಿನ ತೊಟ್ಟಿಲು ಬಂದಿತೆಂದರೆ ಅದು ಮೇಜಾಗಿಯೋ ತೊಟ್ಟಿಲಾಗಿಯೋ ಬರುವುದಿಲ್ಲ. ರಟ್ಟಿನ ಪೆಟ್ಟಿಗೆಯೊಳಗೆ ಹಲಗೆ, ಸಲಾಕೆ, ಸ್ಕ್ರೂಗಳಾಗಿ ಬರುತ್ತದೆ. ಅದನ್ನು ವಸ್ತುವನ್ನಾಗಿ ಮಾಡುವ ಕೆಲಸ ಕೊಂಡವನದು. ಭಾನುವಾರ ಮುಂಜಾನೆ ಆರಂಭವಾದ ಈ ಕಾರ್ಯ ಸಂಜೆಯಾದರೂ ಮುಗಿಯದೆ, ಮನೆಮಂದಿಯಲ್ಲಿ ಮಾತಿಗೆ ಮಾತು ಬೆಳೆದು, ಕೊನೆಗೆ ಅರ್ಧ ನಿಂತ ಕಪಾಟಿನ ಮುಂದೆ ಎಲ್ಲರೂ ಮೌನವಾಗಿ ಕುಳಿತುಕೊಳ್ಳುವ ದೃಶ್ಯ ನಮ್ಮ ಸಂಘದ ಅನೇಕ ಸದಸ್ಯರಿಗೆ ಪರಿಚಿತವೇ ಆಗಿದೆ. ಈ ತೊಂದರೆಯನ್ನು ನಾವು ಹೊಸ ಕಾಲದ ಪೀಡೆ ಎಂದು ತಿಳಿಯುತ್ತೇವೆ. ಆದರೆ ಇದಕ್ಕೊಂದು ಚರಿತ್ರೆಯಿದೆ. ಆ ಚರಿತ್ರೆಯ ಕೆಲವು ಮುಖ್ಯ ಪುಟಗಳು ಬೆಳಗಾವಿಯಿಂದ ಕಿರ್ಲೋಸ್ಕರವಾಡಿಯವರೆಗಿನ ನಮ್ಮ ನೆಲದಲ್ಲಿಯೇ ಬರೆಯಲ್ಪಟ್ಟಿವೆ.

ಹಿಂದಿನ ಹಳ್ಳಿಯ ಬಾಳಿನಲ್ಲಿ ಕೊಂಡ ವಸ್ತುವನ್ನು ಕೊಂಡವನೇ ಜೋಡಿಸಬೇಕೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಬಡಿಗನೂ ಕಮ್ಮಾರನೂ ಊರಿನ ಆಯಗಾರರು. ಮರಾಠಿ ಸೀಮೆಯಲ್ಲಿ ಅವರನ್ನು ಬಲುತೇದಾರರೆಂದು ಕರೆಯುವರು. ಸುಗ್ಗಿಯಲ್ಲಿ ರೈತನು ಅವರಿಗೆ ಕಾಳಿನ ಪಾಲು ಅಳೆದುಕೊಟ್ಟರೆ, ವರ್ಷವಿಡೀ ಅವನ ಉಪಕರಣಗಳನ್ನು ಮಾಡಿಕೊಡುವುದೂ ಸರಿಪಡಿಸುವುದೂ ಅವರ ಹೊಣೆ. ನೇಗಿಲಿನ ಈಸು ಎತ್ತುಗಳ ಎತ್ತರಕ್ಕೆ ತಕ್ಕಂತೆ, ಮೇಣಿ ಉಳುವವನ ಕೈಗೆ ತಕ್ಕಂತೆ ಸಿದ್ಧವಾಗುತ್ತಿತ್ತು. ಕುಳ ಸಡಿಲವಾದರೆ ಬಡಿಗನು ಒಂದು ಬೆಣೆ ಕೆತ್ತಿ ಬಡಿದು ಬಿಗಿಮಾಡುತ್ತಿದ್ದನು. ಬಿತ್ತುವ ಕಾಲಕ್ಕೆ ಕೂರಿಗೆಯ ಬಟ್ಟಲಿಗೆ ಬಿದಿರಿನ ಕೊಳವೆಗಳನ್ನು ಕೂಡಿಸುವ ಕೆಲಸವನ್ನು ರೈತನೇ ಮಾಡುತ್ತಿದ್ದನಾದರೂ, ಅದನ್ನು ಅವನು ತಂದೆಯ ಪಕ್ಕದಲ್ಲಿ ನಿಂತು ಕಲಿತಿದ್ದನು. ಪ್ರತಿಯೊಂದು ಭಾಗಕ್ಕೂ ಮನೆಮಾತಿನಲ್ಲಿ ಒಂದು ಹೆಸರಿತ್ತು. ಹೆಸರು ಗೊತ್ತಿದ್ದವನಿಗೆ ಅದರ ಸ್ಥಾನವೂ ಗೊತ್ತಿರುತ್ತಿತ್ತು.

ವಸ್ತುವನ್ನು ಬಿಡಿಬಿಡಿಯಾಗಿ ಕಳಿಸುವ ವ್ಯಾಪಾರಪದ್ಧತಿಗೆ ಯುರೋಪಿನಲ್ಲಿ ದೊಡ್ಡ ಉದಾಹರಣೆ ದೊರೆಯುವುದು 1859ರಲ್ಲಿ. ಮೈಕೆಲ್ ಥೋನೆಟ್ ಎಂಬ ಮರಗೆಲಸದ ಉದ್ಯಮಿಯು ಆ ವರ್ಷ ಹೊರತಂದ 14ನೆಯ ಸಂಖ್ಯೆಯ ಕುರ್ಚಿಯಲ್ಲಿ ಇದ್ದುದು ಆರು ಮರದ ಭಾಗಗಳು, ಹತ್ತು ಸ್ಕ್ರೂ, ಎರಡು ನಟ್ಟು ಮಾತ್ರ. ಆವಿಯಲ್ಲಿ ಬಗ್ಗಿಸಿದ ಬೀಚ್ ಮರದ ಆ ಭಾಗಗಳನ್ನು ಬಿಚ್ಚಿ ಇಟ್ಟರೆ, ಒಂದು ಘನಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಸುತ್ತಿದ್ದವು. ನಿಂತ ಕುರ್ಚಿಯ ಕಾಲುಗಳ ನಡುವೆ ಇರುವುದು ಬರಿಯ ಗಾಳಿ. ಆ ಗಾಳಿಗೂ ಹಡಗಿನಲ್ಲಿ ಬಾಡಿಗೆ ತೆರಬೇಕು. ಬಿಡಿಭಾಗಗಳ ವ್ಯಾಪಾರದ ಮೂಲಕಾರಣ ಇದೇ ಆಗಿದೆ. ಉಳಿತಾಯವಾದದ್ದು ಸಾಗಣೆಯ ಹಣ. ಅದಕ್ಕೆ ಪ್ರತಿಯಾಗಿ ತಲುಪಿದ ಊರಿನಲ್ಲಿ ಯಾರಾದರೊಬ್ಬರು ಸ್ಕ್ರೂ ತಿರುವಬೇಕು.

ನಮ್ಮ ಭಾಗದಲ್ಲಿ ಈ ಬದಲಾವಣೆ ಸೈಕಲ್ಲಿನ ಮೂಲಕವೂ ನೇಗಿಲಿನ ಮೂಲಕವೂ ಬಂದಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಸಹೋದರ ರಾಮಣ್ಣನವರೊಂದಿಗೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಸೈಕಲ್ಲು ಪೆಟ್ಟಿಗೆಯಿಂದ ತೆಗೆದೊಡನೆ ಓಡುವ ವಸ್ತುವಲ್ಲ. ಗಾಲಿ ಕೂಡಿಸಬೇಕು, ಕಡ್ಡಿಗಳನ್ನು ಒಂದೊಂದಾಗಿ ಬಿಗಿದು ಗಾಲಿಯ ಓರೆ ತೆಗೆಯಬೇಕು, ಸರಪಳಿಯ ಬಿಗಿತ ನೋಡಬೇಕು. ಆದ್ದರಿಂದ ಮಾರುವವನೇ ಜೋಡಿಸುವವನೂ ದುರಸ್ತಿ ಮಾಡುವವನೂ ಆಗಿರುವುದು ಆ ವ್ಯಾಪಾರದಲ್ಲಿ ಅನಿವಾರ್ಯವಾಗಿತ್ತು.

ಮುಂದೆ ಕಿರ್ಲೋಸ್ಕರರು ಮೇವು ಕತ್ತರಿಸುವ ಯಂತ್ರವನ್ನೂ ಬಳಿಕ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕಬ್ಬಿಣವು ಮಣ್ಣಿಗೆ ವಿಷವಾಗುವುದೆಂದು ರೈತರು ಅಂಜಿದರು; ಮೊದಲ ನೇಗಿಲುಗಳು ಮಾರಾಟವಾಗಲು ಸುಮಾರು ಎರಡು ವರ್ಷ ಹಿಡಿಯಿತು. ಬೆಳಗಾವಿಯ ಜಾಗವನ್ನು ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕುಂಡಲ ರೋಡ್ ರೈಲು ನಿಲ್ದಾಣದ ಹತ್ತಿರ ಸ್ಥಳ ಕೊಟ್ಟರು. ಕಳ್ಳಿ ಬೆಳೆದಿದ್ದ ಆ ಬರಡು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಅದು ಇಂದಿನ ಸಾಂಗಲಿ ಜಿಲ್ಲೆಯ ಪಲೂಸ ತಾಲೂಕಿನಲ್ಲಿದೆ.

ಕಬ್ಬಿಣದ ನೇಗಿಲು ರೈತನಿಗೆ ಕೊಟ್ಟದ್ದೇನು, ಕೇಳಿದ್ದೇನು ಎಂಬುದನ್ನು ವಿಚಾರಿಸಬೇಕು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಕುಳಗಳೆಲ್ಲ ಒಂದೇ ಅಳತೆಯವು. ಸವೆದ ಕುಳವನ್ನು ಬಿಚ್ಚಿ ಹೊಸದನ್ನು ಬೋಲ್ಟಿನಿಂದ ಬಿಗಿದರೆ ಸಾಕು; ಬೆಣೆ ಕೆತ್ತಲು ಬಡಿಗನ ದಾರಿ ಕಾಯಬೇಕಿಲ್ಲ. ಇದು ದೊಡ್ಡ ಸ್ವಾತಂತ್ರ್ಯವೇ ಸರಿ. ಆದರೆ ಅದೇ ಗಳಿಗೆಯಲ್ಲಿ ರೈತನು ಕೈಯಲ್ಲಿ ಪಾನಾ ಹಿಡಿದು ಫಿಟ್ಟರನೂ ಆಗಬೇಕಾಯಿತು. ಎಳೆಯುವ ಸರಪಳಿಯನ್ನು ಸಿಕ್ಕಿಸುವ ತೂತು ಒಂದು ಮೇಲಾದರೆ ನೇಗಿಲು ನೆಲಕ್ಕೆ ಆಳವಾಗಿ ನುಗ್ಗಿ ಎತ್ತುಗಳು ಬಳಲುವವು. ಒಂದು ಕೆಳಗಾದರೆ ಮಣ್ಣಿನ ಮೇಲೆ ಜಾರುವುದು. ಇದನ್ನು ಹೊಲದಲ್ಲಿ ಉತ್ತು ತೋರಿಸಿದರಲ್ಲದೆ ತಿಳಿಯದು. ಯಂತ್ರದ ಜೊತೆಗೆ ಮಾತೂ ಹೋಗಬೇಕೆಂಬುದನ್ನು ಆ ಕಾರಖಾನೆಯವರು ಬಲ್ಲವರಾಗಿದ್ದರು. 1920ರಲ್ಲಿ ಶಂಕರರಾವ್ ಕಿರ್ಲೋಸ್ಕರರು ‘ಕಿರ್ಲೋಸ್ಕರ ಖಬರ್’ ಎಂಬ ಮರಾಠಿ ಪತ್ರಿಕೆಯನ್ನು ಆರಂಭಿಸಿದರು. ಕಾರಖಾನೆಯ ಸುದ್ದಿಯನ್ನು ಗಿರಾಕಿಗಳಿಗೆ ಮುಟ್ಟಿಸಲು ಹೊರಟ ಆ ಪತ್ರಿಕೆಯೇ ಮುಂದೆ ಮಹಾರಾಷ್ಟ್ರದ ಹೆಸರಾಂತ ಸಾಹಿತ್ಯಪತ್ರಿಕೆಯಾಯಿತು. ನೇಗಿಲು ಮಾರುವವರು ಗಿರಾಕಿಯ ಭಾಷೆಯಲ್ಲಿ ಬರೆಯುವುದನ್ನು ತಮ್ಮ ಕೆಲಸದ ಒಂದು ಅಂಗವೆಂದೇ ತಿಳಿದಿದ್ದರು.

ಅಂಗಡಿಯಿಂದ ತಂದ ವಸ್ತು ಮನೆಯಲ್ಲಿ ಪೂರ್ಣಗೊಳ್ಳುವುದಕ್ಕೆ ಇನ್ನೊಂದು ನಿದರ್ಶನ ಮಿರಜದ ತಂಬೂರಿ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಮನೆತನಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ತಂತಿವಾದ್ಯಗಳ ತಯಾರಿಕೆಗೆ ತೊಡಗಿದವು. ಮಿರಜದ ಸಿತಾರಿಗೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಧಾರವಾಡ, ಹುಬ್ಬಳ್ಳಿಗಳ ಎಷ್ಟೋ ಸಂಗೀತದ ಮನೆಗಳಿಗೆ ತಂಬೂರಿ ಇಲ್ಲಿಂದಲೇ ಹೋಗಿದೆ. ದಾರಿಯ ಕುಲುಕಾಟಕ್ಕೆ ಬಿರಡೆಗಳು ಸಡಿಲುವವು, ತಂತಿ ಇಳಿಯುವುದು, ಕುದುರೆಯ ಮೇಲೆ ತಂತಿಯಡಿ ಇಟ್ಟ ನೂಲಿನೆಳೆ ಜಾರುವುದು. ಆ ಎಳೆಯನ್ನು ಕೂದಲಿನಷ್ಟು ಹಿಂದೆ ಮುಂದೆ ಸರಿಸಿ ಜವಾರಿಯ ಝೇಂಕಾರ ಹೊರಡಿಸುವುದನ್ನು ಯಾವ ಕಾಗದವೂ ಕಲಿಸಲಾರದು. ವಾದ್ಯ ಮಾಡುವವರು ಕೊಳ್ಳುವವನನ್ನು ಎದುರಿಗೆ ಕೂರಿಸಿಕೊಂಡು, ಕೈಹಿಡಿದು ತೋರಿಸಿ ಕಳಿಸುವರು. ಮಿರಜದಲ್ಲಿ ನೆಲೆಸಿ, 1937ರಲ್ಲಿ ತೀರಿಕೊಂಡು, ಇಲ್ಲಿಯ ದರ್ಗಾದ ಆವರಣದಲ್ಲಿಯೇ ಮಣ್ಣಾದ ಉಸ್ತಾದ ಅಬ್ದುಲ್ ಕರೀಮ್ ಖಾನರು ತಂಬೂರಿಯನ್ನು ಸರಿಪಡಿಸಿಕೊಳ್ಳುವುದರಲ್ಲಿಯೂ ನಿಷ್ಣಾತರಾಗಿದ್ದರು. ಕುಂದಗೋಳದ ಸವಾಯಿ ಗಂಧರ್ವರಂಥ ಶಿಷ್ಯರಿಗೆ ಗುರುವಿನಿಂದ ಗಾಯನದೊಡನೆ ವಾದ್ಯವನ್ನು ಶ್ರುತಿಗೂಡಿಸುವ ವಿದ್ಯೆಯೂ ಬಂದಿರಲೇಬೇಕು. ಇಲ್ಲಿಯೂ ಜೋಡಣೆ ಕಷ್ಟವೇ. ಆದರೆ ಕಲಿಸುವವನ ಮುಖ ಎದುರಿಗಿರುವುದರಿಂದ ಅದು ಬೇಸರವಾಗದೆ ವಿದ್ಯೆಯಾಗುತ್ತದೆ.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಈ ಮುಖ ಮರೆಯಾಗತೊಡಗಿತು. ಸ್ವೀಡನ್ನಿನ ಐಕಿಯಾ ಸಂಸ್ಥೆಯು 1956ರ ಸುಮಾರಿಗೆ ಮೇಜಿನ ಕಾಲುಗಳನ್ನು ಬಿಚ್ಚಿ ಚಪ್ಪಟೆ ಪೆಟ್ಟಿಗೆಯಲ್ಲಿ ಮಾರುವ ಪದ್ಧತಿಯನ್ನು ಆರಂಭಿಸಿ, ಜೋಡಿಸುವ ಕೆಲಸವನ್ನು ನೇರವಾಗಿ ಗಿರಾಕಿಗೆ ವಹಿಸಿತು. ಆ ಸಂಸ್ಥೆಯ ಮಳಿಗೆ 2018ರಲ್ಲಿ ಹೈದರಾಬಾದಿಗೂ 2022ರಲ್ಲಿ ಬೆಂಗಳೂರಿನ ನಾಗಸಂದ್ರಕ್ಕೂ ಬಂದಿತು. ಅನೇಕ ದೇಶಗಳಿಗೆ ಒಂದೇ ಕಾಗದ ಸಾಲಬೇಕೆಂದು ಅದರ ಸೂಚನಾಪತ್ರದಲ್ಲಿ ಮಾತನ್ನು ಬಿಟ್ಟು ಚಿತ್ರಗಳನ್ನಷ್ಟೇ ಇಟ್ಟರು. ಚಿತ್ರ ಚೆನ್ನಾಗಿದ್ದರೆ ಅದೂ ಒಂದು ಭಾಷೆಯೇ. ಆದರೆ ಇಂದು ಮನೆಬಾಗಿಲಿಗೆ ಬರುವ ಎಷ್ಟೋ ಅಗ್ಗದ ಪೆಟ್ಟಿಗೆಗಳಲ್ಲಿ ಚಿತ್ರವೂ ಅಸ್ಪಷ್ಟ, ಮಾತೂ ಪರಕೀಯ.

ನಮ್ಮ ಮನೆಗೆ ಮೊಮ್ಮಗಳ ಓದಿಗೆಂದು ತರಿಸಿದ ಮೇಜಿನ ವಿಷಯವನ್ನು ಇಲ್ಲಿ ಹೇಳಬಹುದು. ಸೂಚನಾಪತ್ರದಲ್ಲಿ ಇಂಗ್ಲಿಷೂ ನಮಗಾರಿಗೂ ತಿಳಿಯದ ಮತ್ತೊಂದು ಲಿಪಿಯೂ ಇದ್ದವು. ಎಡಬಲದ ಹಲಗೆಗಳಲ್ಲಿ ಗುರುತಿನ ಚೀಟಿಗಳಿರಲಿಲ್ಲ. ಸ್ಕ್ರೂಗಳಲ್ಲಿ ಎರಡು ಕಡಿಮೆ. ಮಾರಿದವರಿಗೆ ದೂರವಾಣಿ ಮಾಡಿದರೆ ಚಿತ್ರ ತೆಗೆದು ಕಳಿಸಿರೆಂಬ ಉತ್ತರ ಬಂದಿತು, ಸ್ಕ್ರೂ ಬರಲಿಲ್ಲ. ಮೂರನೆಯ ದಿನ ಜತ್ತ ಕಡೆಯ ಒಬ್ಬ ಬಡಿಗರನ್ನು ಕರೆಸಿದೆವು. ಅವರು ಕಾಗದವನ್ನು ಮುಟ್ಟಲಿಲ್ಲ. ಹಲಗೆಗಳನ್ನೆಲ್ಲ ನೆಲದ ಮೇಲೆ ಹರಡಿ, ಒಂದೊಂದರ ತೂತಿನ ಮೇಲೆ ಬೆರಳಾಡಿಸಿ, “ಇದನ್ನ ಕಾಗದಾ ನೋಡಿ ಜೋಡಸೂದಲ್ರೀ ಗುರುಗಳ, ತೂತು ನೋಡಿ ಜೋಡಸೂದು” ಎಂದರು. ಸೂಚನಾಪತ್ರದಲ್ಲಿ ಬರಿಯ ಅಂಕೆಯಿಂದ ತೋರಿಸಿದ್ದ ಮರದ ಗುಂಡುಕಡ್ಡಿಯನ್ನು ಎತ್ತಿಹಿಡಿದು ಮೊಮ್ಮಗಳಿಗೆ, “ಇದಕ ಕೀಲು ಅಂತಾರವ್ವಾ” ಎಂದರು. ಅರ್ಧ ಗಂಟೆಯಲ್ಲಿ ಮೇಜು ನಿಂತಿತು. ಇಂಗ್ಲಿಷ್ ಶಾಲೆಯಲ್ಲಿ ಕಲಿಯುವ ಆ ಹುಡುಗಿಗೆ ಮೇಜಿನೊಡನೆ ಒಂದು ಕನ್ನಡ ಪದವೂ ದೊರೆಯಿತು.

ಈ ಪ್ರಸಂಗದಲ್ಲಿ ನಮಗೆ ಕಾಣುವ ನಷ್ಟ ಎರಡು ಬಗೆಯದು. ಒಂದು, ಹಣ ಮತ್ತು ಹೊತ್ತಿನ ನಷ್ಟ. ಸಾಗಣೆಯಲ್ಲಿ ಉಳಿದ ದುಡ್ಡು ಬೆಲೆಯಲ್ಲಿ ಅಷ್ಟಿಷ್ಟು ಇಳಿದು ನಮಗೂ ಸೇರುವುದು ನಿಜ. ಆದರೆ ಒಂಟಿಯಾಗಿರುವ ವೃದ್ಧರಿಗೆ, ಇಂಗ್ಲಿಷ್ ಬಾರದ ಗೃಹಿಣಿಯರಿಗೆ ಆ ಉಳಿತಾಯ ಬಡಿಗರ ಕೂಲಿಗೂ ಸಾಲದು. ಬಿಗಿಯದ ಬೋಲ್ಟಿನ ತೊಟ್ಟಿಲಿನಲ್ಲಿ ಮಗು ಮಲಗುವುದೆಂಬುದನ್ನು ನೆನೆದರೆ ಇದು ಬರಿಯ ಬೇಸರದ ಮಾತೂ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ಅಪಾಯ ತಪ್ಪಿಸಲು ಬೇಕಾದಷ್ಟು ಬಳಕೆಯ ಸೂಚನೆಗಳನ್ನು ಕೊಡದಿದ್ದರೆ ಅದರಿಂದಾದ ಹಾನಿಗೆ ತಯಾರಕನು ಹೊಣೆಗಾರನೆಂದು ಹೇಳುತ್ತದೆ. ಆ ಸೂಚನೆ ಗಿರಾಕಿಗೆ ತಿಳಿಯುವ ಭಾಷೆಯಲ್ಲಿ ಇರದಿದ್ದರೆ ಅದನ್ನು ಸಾಕಷ್ಟೆಂದು ಹೇಗೆ ಎನ್ನಬೇಕು?

ಎರಡನೆಯದು ನುಡಿಯ ನಷ್ಟ. 1937ರ ವರ್ಧಾ ಪರಿಷತ್ತಿನಲ್ಲಿ ಮಹಾತ್ಮಾ ಗಾಂಧೀಜಿಯವರು ಮಂಡಿಸಿದ ಮೂಲಶಿಕ್ಷಣವು ಕೈಕಸಬನ್ನು ಪಾಠದ ನಡುವೆ ಇಟ್ಟಿತ್ತು. ಆ ಪದ್ಧತಿ ಸಡಿಲಗೊಂಡು ಕಸಬಿನ ತಾಸು ವೇಳಾಪತ್ರಿಕೆಯಿಂದ ಮರೆಯಾದಂತೆ ಉಳಿ, ಬಾಚಿ, ಬೆಣೆ, ಕೀಲು, ಬಿರಡೆಗಳೂ ಮಕ್ಕಳ ನಾಲಗೆಯಿಂದ ಮರೆಯಾದವು. ಗಡಿನಾಡಿನ ಕನ್ನಡಿಗರಾದ ನಾವು ಶಾಲೆ, ನಾಮಫಲಕ, ಗ್ರಂಥಾಲಯಗಳಲ್ಲಿ ಕನ್ನಡ ಉಳಿಯಲೆಂದು ಹೋರಾಡುತ್ತೇವೆ, ಅದು ಯೋಗ್ಯವೇ. ಆದರೆ ಪಾನಾ ಹಿಡಿದ ಕೈಗೆ ಬೇಕಾಗುವ ಕನ್ನಡ ನಮ್ಮ ಕಣ್ಣೆದುರಿಗೇ ಕರಗುತ್ತಿರುವುದನ್ನು ಅಷ್ಟಾಗಿ ಗಮನಿಸಿಲ್ಲ.

ಆದ್ದರಿಂದ ಸಂಘದ ಮುಂದೆ ಎರಡು ಸಣ್ಣ ಕಾರ್ಯಗಳನ್ನು ಇಡಲು ಇಚ್ಛಿಸುತ್ತೇವೆ. ಜತ್ತ ತಾಲೂಕಿನ ಕನ್ನಡ ಹಳ್ಳಿಗಳ ಹಿರಿಯ ಬಡಿಗರು, ಕಮ್ಮಾರರು, ರೈತರಿಂದ ಉಪಕರಣಗಳ ಭಾಗಗಳ ಹೆಸರುಗಳನ್ನು ಚಿತ್ರಸಹಿತವಾಗಿ ಬರೆದುಕೊಳ್ಳುವುದು ಒಂದು. ಸದಸ್ಯರ ಮನೆಗೆ ಬರುವ ಸಾಮಾನ್ಯ ವಸ್ತುಗಳಾದ ಕಪಾಟು, ತೊಟ್ಟಿಲು, ಮಕ್ಕಳ ಸೈಕಲ್ಲುಗಳ ಜೋಡಣೆಯ ಕ್ರಮವನ್ನು ಆ ಹೆಸರುಗಳನ್ನೇ ಬಳಸಿ ಒಂದೊಂದು ಪುಟದ ಕನ್ನಡದಲ್ಲಿ ಸಿದ್ಧಪಡಿಸುವುದು ಮತ್ತೊಂದು. ಇಂಜಿನಿಯರಿಂಗ್ ಕಲಿತ ತರುಣರು ನಮ್ಮಲ್ಲಿದ್ದಾರೆ, ಕಸಬು ಬಲ್ಲ ಹಿರಿಯರೂ ಇನ್ನೂ ಇದ್ದಾರೆ. ಇವರಿಬ್ಬರನ್ನು ಒಂದೆಡೆ ಕೂರಿಸಬೇಕಾಗಿದೆ. ಆ ಹಿರಿಯರು ಇರುವಾಗಲೇ ಈ ಕೆಲಸವಾಗಬೇಕು; ಮುಂದಿನ ಸಮ್ಮೇಳನದ ಹೊತ್ತಿಗೆ ಮೊದಲ ಹತ್ತು ಪುಟಗಳಾದರೂ ಸಿದ್ಧವಾದರೆ ನಮಗೆ ತೃಪ್ತಿಯಾದೀತು.