ಚಿಪ್ ಯಂತ್ರಗಳ ಜಗಳ: ಓರ್ವಕಲ್ಲಿಗೂ ಬೆಂಗಳೂರಿಗೂ ಏನು ಸಂಬಂಧ?

ಉರುಕುಂದ: ಕರ್ನೂಲು ಜಿಲ್ಲೆಯ ಓರ್ವಕಲ್ಲಿನಲ್ಲಿ ಸೆಮಿಕಂಡಕ್ಟರ್ ಕಾರ್ಖಾನೆ ಕಟ್ಟುವ ಬಗ್ಗೆ 2025ರ ಜನವರಿಯಲ್ಲಿ ಆಂಧ್ರ ಸರ್ಕಾರದ ಜತೆ ಒಪ್ಪಂದ ಪತ್ರಕ್ಕೆ ಸಹಿ ಬಿತ್ತು. ಇಂಡಿಚಿಪ್ ಸೆಮಿಕಂಡಕ್ಟರ್ಸ್ ಎಂಬ ಕಂಪನಿ, ಜಪಾನಿನ ಯಿಟೋವಾ ಮೈಕ್ರೋ ಟೆಕ್ನಾಲಜಿ ಜತೆ ಸೇರಿ ಹಾಕುವುದಾಗಿ ಹೇಳಿದ ಬಂಡವಾಳ ಸುಮಾರು 14,000 ಕೋಟಿ ರೂಪಾಯಿ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೋ ಗುಂಟೂರಿಗೋ ಗುಳೆ ಹೋಗುವ ಆದೋನಿ, ಕೌತಾಳಂ, ಮಂತ್ರಾಲಯ ಭಾಗದವರಿಗೆ ಇದು ಸಣ್ಣ ಸುದ್ದಿಯಲ್ಲ. ಆದರೆ ಚಿಪ್ ಕಾರ್ಖಾನೆಗೆ ಜಮೀನು, ನೀರು, ಕರೆಂಟು ಇದ್ದರೆ ಸಾಲದು. ಒಳಗೆ ಕೂರಿಸುವ ಯಂತ್ರಗಳು ಬೇಕು. ಅವುಗಳನ್ನು ತಯಾರಿಸುವ ದೇಶಗಳು ಬೆರಳೆಣಿಕೆಯಷ್ಟು. ಯಾರಿಗೆ ಮಾರಬೇಕು, ಯಾರಿಗೆ ಮಾರಬಾರದು ಎಂಬ ವಿಷಯದಲ್ಲಿ ಈಗ ದೊಡ್ಡ ದೇಶಗಳ ನಡುವೆ ಜಗಳ ನಡೆದಿದೆ.

ಏನಿದು ಯಂತ್ರ?

ಚಿಪ್ ತಯಾರಿಕೆ ಒಂದು ಬಗೆಯ ಅಚ್ಚು ಹಾಕುವ ಕೆಲಸವೇ. ತೆಳುವಾದ ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿಗೆ ಸ್ಪಂದಿಸುವ ಲೇಪನ ಹಚ್ಚಿ, ನಕ್ಷೆಯ ಮೂಲಕ ಬೆಳಕು ಹಾಯಿಸುತ್ತಾರೆ. ಬೇಡವಾದ ಭಾಗವನ್ನು ಕೊರೆದು ತೆಗೆದು, ಬೇಕಾದ ಪದರ ಕೂರಿಸಿ, ಮತ್ತೆ ಅದೇ ಕೆಲಸ. ಹೀಗೆ ನೂರಾರು ಹಂತ. ಬೆಳಕಿನ ಅಚ್ಚು ಹಾಕುವ ಯಂತ್ರಗಳಲ್ಲಿ ನೆದರ್‌ಲೆಂಡ್ಸ್‌ನ ಎಎಸ್‌ಎಂಎಲ್ ಮೊದಲನೆಯದು, ಜಪಾನಿನ ನಿಕಾನ್ ಮತ್ತು ಕೆನಾನ್ ಹಿಂದಿವೆ. ಕೊರೆಯುವ, ಪದರ ಕೂರಿಸುವ ಯಂತ್ರಗಳಲ್ಲಿ ಅಮೆರಿಕದ ಅಪ್ಲೈಡ್ ಮೆಟೀರಿಯಲ್ಸ್, ಲ್ಯಾಮ್ ರಿಸರ್ಚ್, ಜಪಾನಿನ ಟೋಕಿಯೋ ಎಲೆಕ್ಟ್ರಾನ್ ಮುಂದಿವೆ. ತಪ್ಪು ಹುಡುಕುವ ಯಂತ್ರಕ್ಕೆ ಅಮೆರಿಕದ ಕೆಎಲ್‌ಎ ಹೆಸರುವಾಸಿ.

ಇವೆಲ್ಲದರಲ್ಲಿ ಹೆಚ್ಚು ಸದ್ದು ಮಾಡಿದ್ದು ಎಎಸ್‌ಎಂಎಲ್‌ನ ಇಯುವಿ ಯಂತ್ರ. ಸೆಕೆಂಡಿಗೆ ಸುಮಾರು 50,000 ತವರದ ಹನಿಗಳನ್ನು ಬೀಳಿಸಿ, ಪ್ರತಿ ಹನಿಗೂ ಲೇಸರ್ ಹೊಡೆದು 13.5 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹುಟ್ಟಿಸುವ ಯಂತ್ರವಿದು. ಬೆಲೆ 15 ಕೋಟಿ ಡಾಲರಿಗೂ ಮೇಲೆ. ಜಗತ್ತಿನಲ್ಲಿ ಇದನ್ನು ಮಾರುವ ಕಂಪನಿ ಇದೊಂದೇ. ಕನ್ನಡಿಗಳು ಜರ್ಮನಿಯ ಝೈಸ್ ಕಂಪನಿಯವು, ಲೇಸರ್ ಜರ್ಮನಿಯದೇ ಟ್ರಂಫ್ ಕಂಪನಿಯದು, ಬೆಳಕು ಹುಟ್ಟಿಸುವ ಭಾಗ ಎಎಸ್‌ಎಂಎಲ್ 2013ರಲ್ಲಿ ಕೊಂಡುಕೊಂಡ ಕ್ಯಾಲಿಫೋರ್ನಿಯಾದ ಸೈಮರ್ ಕಂಪನಿಯದು. ಡಚ್ ಯಂತ್ರದ ವಿಷಯದಲ್ಲಿ ಅಮೆರಿಕದ ಮಾತು ನಡೆಯುವುದಕ್ಕೆ ಇದೂ ಒಂದು ಕಾರಣ.

ಹಳೆಯ ಬೇಲಿ, ಹೊಸ ಬೇಲಿ

ಯಂತ್ರ ಮಾರಾಟಕ್ಕೆ ಬೇಲಿ ಹಾಕುವುದು ಹೊಸತಲ್ಲ. ಸೋವಿಯತ್ ಬಣಕ್ಕೆ ತಂತ್ರಜ್ಞಾನ ಹೋಗದಂತೆ ನೋಡಿಕೊಳ್ಳಲು 1949ರಲ್ಲಿ ಪಾಶ್ಚಾತ್ಯ ದೇಶಗಳು ಕೋಕಾಮ್ ಎಂಬ ಸಮಿತಿ ಮಾಡಿಕೊಂಡಿದ್ದವು. ಜಪಾನಿನ ತೋಷಿಬಾ ಕಂಪನಿಯ ಅಂಗಸಂಸ್ಥೆ ಜಲಾಂತರ್ಗಾಮಿಯ ಪ್ರೊಪೆಲರ್ ಕೊರೆಯುವ ಯಂತ್ರಗಳನ್ನು ಸೋವಿಯತ್ತಿಗೆ ಮಾರಿದ್ದು 1987ರಲ್ಲಿ ಬಯಲಾಗಿ ಭಾರೀ ರಂಪವಾಯಿತು. 1994ರಲ್ಲಿ ಕೋಕಾಮ್ ಮುಚ್ಚಿತು. 1996ರಲ್ಲಿ ಅದರ ಜಾಗಕ್ಕೆ ವಾಸೆನಾರ್ ಒಪ್ಪಂದ ಬಂತು. ಭಾರತ ಇದರ ಸದಸ್ಯನಾಗಿದ್ದು 2017ರ ಡಿಸೆಂಬರ್‌ನಲ್ಲಿ.

ಈಗಿನ ಬೇಲಿ ಚೀನಾ ಸುತ್ತ. 2019ರಿಂದಲೇ ಚೀನಾಕ್ಕೆ ಇಯುವಿ ಯಂತ್ರ ಹೋಗಲು ಡಚ್ ಪರವಾನಗಿ ಸಿಗಲಿಲ್ಲ. 2022ರ ಅಕ್ಟೋಬರ್ 7ರಂದು ಅಮೆರಿಕ ಹೊರಡಿಸಿದ ನಿಯಮ ಇನ್ನೂ ಬಿಗಿ: ಮುಂದುವರಿದ ಚಿಪ್ ತಯಾರಿಸುವ ಚೀನೀ ಕಾರ್ಖಾನೆಗಳಿಗೆ ಯಂತ್ರ ಕೊಡುವುದಿರಲಿ, ಅಮೆರಿಕದ ನಾಗರಿಕರು ಅಲ್ಲಿ ರಿಪೇರಿಗೆ ಕೈ ಹಾಕಲೂ ಪರವಾನಗಿ ಬೇಕು. ಜಪಾನ್ 2023ರ ಜುಲೈನಲ್ಲಿ 23 ಬಗೆಯ ಯಂತ್ರಗಳಿಗೆ, ನೆದರ್‌ಲೆಂಡ್ಸ್ ಅದೇ ಸೆಪ್ಟೆಂಬರ್‌ನಲ್ಲಿ ಮುಂದುವರಿದ ಡಿಯುವಿ ಯಂತ್ರಗಳಿಗೆ ಪರವಾನಗಿ ಕಡ್ಡಾಯ ಮಾಡಿದವು. 2024ರ ಡಿಸೆಂಬರ್‌ನಲ್ಲಿ ಅಮೆರಿಕ ಇನ್ನೂ 140 ಸಂಸ್ಥೆಗಳನ್ನು ನಿರ್ಬಂಧಿತರ ಪಟ್ಟಿಗೆ ಸೇರಿಸಿತು.

ಚೀನಾ ಸುಮ್ಮನೆ ಕೂರಲಿಲ್ಲ. 2023ರ ಆಗಸ್ಟ್‌ನಿಂದ ಗ್ಯಾಲಿಯಂ, ಜರ್ಮೇನಿಯಂ ರಫ್ತಿಗೆ ಪರವಾನಗಿ ಪದ್ಧತಿ ತಂದಿತು. 2025ರ ಏಪ್ರಿಲ್‌ನಲ್ಲಿ ಅಪರೂಪದ ಭೂಲೋಹಗಳ ಸರದಿ. ಅದರ ಬಿಸಿ ಭಾರತದ ಮೋಟಾರು ವಾಹನ ಕಂಪನಿಗಳಿಗೂ ತಟ್ಟಿತು. ಅಂದಹಾಗೆ, ಬೇಲಿ ಹಾಕಿದರೂ ಬೆಳೆ ಪೂರ್ತಿ ನಿಂತಿಲ್ಲ. 2023ರ ಆಗಸ್ಟ್‌ನಲ್ಲಿ ಹುವಾವೇ ಬಿಡುಗಡೆ ಮಾಡಿದ ಫೋನಿನಲ್ಲಿ ಚೀನಾದ ಎಸ್‌ಎಂಐಸಿ ಕಂಪನಿ ಇಯುವಿ ಇಲ್ಲದೆಯೇ ತಯಾರಿಸಿದ 7 ನ್ಯಾನೋಮೀಟರ್ ಚಿಪ್ ಸಿಕ್ಕಿತು!

ಬೆಂಗಳೂರು ಉಂಡ ನೋವು

ಇಂಥ ಬೇಲಿಯ ಆಚೆ ನಿಲ್ಲುವುದು ಹೇಗಿರುತ್ತದೆಂದು ಚೀನಾಕ್ಕಿಂತ ಮೊದಲೇ ಬೆಂಗಳೂರಿಗೆ ಗೊತ್ತು. ಇಸ್ರೋ 1991ರಲ್ಲಿ ಕ್ರಯೋಜನಿಕ್ ಎಂಜಿನ್ ಮತ್ತು ಅದರ ತಂತ್ರಜ್ಞಾನಕ್ಕಾಗಿ ರಷ್ಯಾದ ಗ್ಲಾವ್‌ಕಾಸ್ಮೋಸ್ ಜತೆ ಒಪ್ಪಂದ ಮಾಡಿಕೊಂಡಿತ್ತು. ಇದನ್ನು ಕ್ಷಿಪಣಿಗೂ ಬಳಸಬಹುದೆಂದು ಹೇಳಿ ಅಮೆರಿಕ 1992ರ ಮೇ ತಿಂಗಳಲ್ಲಿ ಎರಡೂ ಸಂಸ್ಥೆಗಳ ಮೇಲೆ 2 ವರ್ಷದ ನಿರ್ಬಂಧ ಹೇರಿತು. 1993ರಲ್ಲಿ ರಷ್ಯಾ ಹಿಂದೆ ಸರಿಯಿತು. ಕೊನೆಗೆ ಎಂಜಿನ್ ಕೊಟ್ಟರು, ಮಾಡುವ ವಿದ್ಯೆ ಕೊಡಲಿಲ್ಲ. ಸ್ವದೇಶಿ ಎಂಜಿನ್ 2010ರ ಮೊದಲ ಹಾರಾಟದಲ್ಲಿ ಸೋತು, 2014ರ ಜನವರಿಯಲ್ಲಿ ಗೆದ್ದಿತು. ಅಂದರೆ ಒಪ್ಪಂದದಿಂದ ಗೆಲುವಿಗೆ 23 ವರ್ಷ. ಪೆಟ್ಟು ಬಿದ್ದದ್ದರಿಂದಲೇ ಕಲಿತೆವು ಎಂದು ಹೆಮ್ಮೆಪಡುವವರಿದ್ದಾರೆ, ಆದರೆ ಕಳೆದುಹೋದ ವರ್ಷಗಳ ಲೆಕ್ಕವನ್ನು ಅವರು ಹೇಳುವುದಿಲ್ಲ.

1998ರ ಪೋಖ್ರಾನ್ ಪರೀಕ್ಷೆಯ ನಂತರ ಇನ್ನೊಂದು ಪೆಟ್ಟು. ಇಸ್ರೋ, ಡಿಆರ್‌ಡಿಒ ಪ್ರಯೋಗಾಲಯಗಳು ಸೇರಿದಂತೆ ಭಾರತದ ಅನೇಕ ಸಂಸ್ಥೆಗಳು ಅಮೆರಿಕದ ಎಂಟಿಟಿ ಲಿಸ್ಟ್ ಸೇರಿದವು. ಇಂದು ಚೀನೀ ಕಂಪನಿಗಳನ್ನು ಹಾಕುತ್ತಿರುವುದೂ ಇದೇ ಪಟ್ಟಿಗೆ. ಬೆಂಗಳೂರಿನ ಇಸ್ರೋ ಕೇಂದ್ರ ಕಚೇರಿ ಅದರಿಂದ ಹೊರಬಂದದ್ದು 2004ರಲ್ಲಿ. ಇಸ್ರೋದ ಉಳಿದ ಘಟಕಗಳು, ಡಿಆರ್‌ಡಿಒದ ಕೆಲವು ಘಟಕಗಳು ಮತ್ತು ಹೈದರಾಬಾದಿನ ಭಾರತ್ ಡೈನಮಿಕ್ಸ್ 2011ರಲ್ಲಿ ಹೊರಬಂದವು. ಭಾಭಾ ಪರಮಾಣು ಸಂಶೋಧನಾ ಕೇಂದ್ರ 2025ರ ಜನವರಿಯವರೆಗೆ ಕಾಯಬೇಕಾಯಿತು. ಸೇರುವುದು ಒಂದೇ ದಿನದ ಕೆಲಸ, ಹೊರಬರಲು ಒಬ್ಬ ನೌಕರನ ಇಡೀ ಸೇವಾವಧಿ ಬೇಕು.

ಈಗ ಚಿತ್ರ ಬದಲಾಗಿದೆ. 2018ರಲ್ಲಿ ಅಮೆರಿಕ ಭಾರತವನ್ನು ಪರವಾನಗಿ ಸಡಿಲಿಕೆಯ ಎಸ್‌ಟಿಎ-1 ಪಟ್ಟಿಗೆ ಸೇರಿಸಿತು. 2023ರ ಜೂನ್‌ನಲ್ಲಿ ಅಪ್ಲೈಡ್ ಮೆಟೀರಿಯಲ್ಸ್ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಕ್ಕೆ 4 ವರ್ಷದಲ್ಲಿ 40 ಕೋಟಿ ಡಾಲರ್ ಹಾಕುವುದಾಗಿ ಹೇಳಿತು. 2025ರ ಫೆಬ್ರವರಿಯಲ್ಲಿ ಲ್ಯಾಮ್ ರಿಸರ್ಚ್ ಕರ್ನಾಟಕದಲ್ಲಿ 10,000 ಕೋಟಿ ರೂಪಾಯಿಗೂ ಹೆಚ್ಚಿನ ಹೂಡಿಕೆ ಪ್ರಕಟಿಸಿತು. ಹೀಗೆ ಜಗಳದ ಮೂಲವಾದ ಯಂತ್ರಗಳ ವಿನ್ಯಾಸದ ಒಂದು ಪಾಲು ಕೆಲಸ ಬೆಂಗಳೂರಿನಲ್ಲೇ ನಡೆಯುತ್ತಿದೆ. ಗಮನಿಸಬೇಕಾದ ಸಂಗತಿಯೆಂದರೆ, ಅಮೆರಿಕದ ಕಾನೂನಿನಲ್ಲಿ ಯಂತ್ರ ಹಡಗು ಹತ್ತಿದರೆ ಮಾತ್ರ ರಫ್ತು ಅಲ್ಲ. ನಿರ್ಬಂಧಿತ ನಕ್ಷೆಯನ್ನು ಇ-ಮೇಲ್‌ನಲ್ಲಿ ಬೆಂಗಳೂರಿಗೆ ಕಳಿಸಿದರೂ ಅದು ರಫ್ತು. ಅಲ್ಲಿ ಕೆಲಸಕ್ಕೆ ಸೇರುವ ನಮ್ಮ ಕಡೆಯ ಹುಡುಗ ಹುಡುಗಿಯರು ಈ ನಿಯಮಗಳ ಒಳಗೇ ಕೂತು ದುಡಿಯಬೇಕು.

ಯಂತ್ರ ತಡೆಯುವ ಆಟವನ್ನು ಚೀನಾವೂ ಕಲಿತಿದೆ. ಫಾಕ್ಸ್‌ಕಾನ್‌ನ ಭಾರತದ ಐಫೋನ್ ಘಟಕಗಳಿಗೆ ಚೀನಾದಿಂದ ಬರಬೇಕಿದ್ದ ಯಂತ್ರಗಳು ತಡವಾಗುತ್ತಿವೆ, ಅಲ್ಲಿನ ನೂರಾರು ಚೀನೀ ತಂತ್ರಜ್ಞರು ವಾಪಸು ಹೋದರು ಎಂಬ ವರದಿಗಳು 2025ರಲ್ಲಿ ಬಂದವು. ದೇವನಹಳ್ಳಿ ಘಟಕ ಶುರುವಾಗುತ್ತಿದ್ದ ಹೊತ್ತು ಅದು.

ಹಾಗಾದರೆ ಓರ್ವಕಲ್ಲು?

ಅಲ್ಲಿ ತಯಾರಿಸಲು ಉದ್ದೇಶಿಸಿರುವುದು ಫೋನಿನ ಚಿಪ್ ಅಲ್ಲ, ಸಿಲಿಕಾನ್ ಕಾರ್ಬೈಡ್ ಸಾಧನಗಳು. ಹೆಚ್ಚು ವೋಲ್ಟೇಜ್, ಹೆಚ್ಚು ಬಿಸಿ ತಡೆಯುವ ಇವು ಎಲೆಕ್ಟ್ರಿಕ್ ವಾಹನಗಳಿಗೆ, ಸೋಲಾರ್ ಇನ್ವರ್ಟರ್‌ಗಳಿಗೆ ಬೇಕು. ಆ ಕಡೆಯೇ 1000 ಮೆಗಾವ್ಯಾಟ್‌ನ ಕರ್ನೂಲು ಸೋಲಾರ್ ಪಾರ್ಕ್ ಇದೆ, ಇತ್ತ ಕರ್ನಾಟಕದಲ್ಲಿ ಪಾವಗಡವಿದೆ. ಈ ಸಾಧನಗಳ ಗೆರೆಗಳು ದಪ್ಪ, ಆದ್ದರಿಂದ ಇಯುವಿ ಯಂತ್ರ ಬೇಕಿಲ್ಲ. ಹರಳು ಬೆಳೆಸುವ ಕುಲುಮೆ, ಅದರ ಮೇಲೆ ಪದರ ಬೆಳೆಸುವ ರಿಯಾಕ್ಟರ್, ಬಿಸಿಯಲ್ಲಿ ಅಯಾನು ಹೊಗಿಸುವ ಯಂತ್ರ ಇದ್ದರೆ ನಡೆಯುತ್ತದೆ. ಜಗಳದ ನಟ್ಟನಡುವಿನಿಂದ ಇದು ಸ್ವಲ್ಪ ದೂರ ಎಂಬುದು ಸಮಾಧಾನ.

ಆದರೆ ಬೆಲೆಯ ಪೆಟ್ಟು ಬೇರೆ. ಇಯುವಿ ಸಿಗದ ಚೀನಾ ತನ್ನ ಹಣವನ್ನು ಹಳೆಯ ತಂತ್ರಜ್ಞಾನದ ಚಿಪ್‌ಗಳಿಗೆ, ಸಿಲಿಕಾನ್ ಕಾರ್ಬೈಡ್‌ಗೆ ಸುರಿದಿದೆ, ಬಿಲ್ಲೆಗಳ ಬೆಲೆ ಬಿದ್ದಿದೆ. ಈ ಕ್ಷೇತ್ರದ ಹಳೆಯ ಕುಳ, ಅಮೆರಿಕದ ವುಲ್ಫ್‌ಸ್ಪೀಡ್ 2025ರ ಜೂನ್‌ನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿ, ಸಾಲ ತಗ್ಗಿಸಿಕೊಂಡು ಸೆಪ್ಟೆಂಬರ್‌ನಲ್ಲಿ ಹೊರಬಂತು. ಓರ್ವಕಲ್ಲಿನಲ್ಲಿ ತಯಾರಾಗುವ ಮಾಲು ಇದೇ ಮಾರುಕಟ್ಟೆಯಲ್ಲಿ ಮಾರಾಟವಾಗಬೇಕು.

ಒಪ್ಪಂದ ಪತ್ರ ಕಾರ್ಖಾನೆಯಲ್ಲ ಎಂಬುದಂತೂ ತೆಲುಗು ನಾಡಿಗೆ ಹೇಳಿಕೊಡಬೇಕಿಲ್ಲ. 2006ರ ಹೊತ್ತಿಗೆ ಹೈದರಾಬಾದಿನ ಫ್ಯಾಬ್ ಸಿಟಿಯಲ್ಲಿ ಸೆಮ್‌ಇಂಡಿಯಾ ಕಂಪನಿ 300 ಕೋಟಿ ಡಾಲರಿನ ಚಿಪ್ ಕಾರ್ಖಾನೆ ಹಾಕುವುದಾಗಿ ಹೇಳಿತ್ತು, ಅದು ಏಳಲೇ ಇಲ್ಲ. 2023ರ ಜುಲೈನಲ್ಲಿ ವೇದಾಂತ ಜತೆಗಿನ 1,950 ಕೋಟಿ ಡಾಲರಿನ ಯೋಜನೆಯಿಂದ ಫಾಕ್ಸ್‌ಕಾನ್ ಹೊರನಡೆಯಿತು. ಹಾಗಾಗಿ ಐಟಿಐ, ಡಿಪ್ಲೊಮಾ ಓದುವ ಮಕ್ಕಳಿರುವ ಮನೆಯವರು ಓರ್ವಕಲ್ಲಿನಲ್ಲಿ ನೋಡಬೇಕಾದದ್ದು ಭೂಮಿಪೂಜೆಯ ಫೋಟೋ ಅಲ್ಲ. ಯಂತ್ರಗಳಿಗೆ ಆರ್ಡರ್ ಹೋಯಿತೇ, ಯಾವ ದೇಶಕ್ಕೆ ಹೋಯಿತು, ಅವನ್ನು ನಡೆಸುವ ತರಬೇತಿ ಎಲ್ಲಿ, ಯಾವ ಭಾಷೆಯಲ್ಲಿ ಕೊಡುತ್ತಾರೆ ಎಂಬುದನ್ನು ಕೇಳಬೇಕು.