ವಾಸ್ತು ಮತ್ತು ಪರಿಮಾಣ: ಮೂಡುಬಿದಿರೆ ಸೀಮೆಯ ಹಳೆಯ ಮನೆಗಳು

ಜೈನ ಆಚಾರಶಾಸ್ತ್ರದಲ್ಲಿ ಗೃಹಸ್ಥನಿಗೆ ‘ಸಾಗಾರ’ನೆಂದೂ ಮುನಿಗೆ ‘ಅನಗಾರ’ನೆಂದೂ ಹೆಸರು. ಅಗಾರವೆಂದರೆ ಮನೆ. ಶ್ರಾವಕನಿಗೂ ಮುನಿಗೂ ಇರುವ ಅಂತರವನ್ನು ಸೂಚಿಸಲು ಶಾಸ್ತ್ರಕಾರರು ಮನೆಯನ್ನೇ ಆರಿಸಿಕೊಂಡದ್ದು ಗಮನಾರ್ಹ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಎಣಿಸುವಾಗಲೂ ಮೊದಲು ಬರುವುದು ಕ್ಷೇತ್ರ ಮತ್ತು ವಾಸ್ತು, ಅಂದರೆ ಹೊಲ ಮತ್ತು ಮನೆ. ಬೆಳ್ಳಿ ಬಂಗಾರಗಳ ಸರದಿ ಅನಂತರದ್ದು. ಗೃಹಸ್ಥನು ಮನೆ ಕಟ್ಟಬಾರದೆಂದು ವ್ರತವು ವಿಧಿಸುವುದಿಲ್ಲ. ಎಷ್ಟು ಬೇಕೆಂಬುದನ್ನು ಮೊದಲೇ ನಿಶ್ಚಯಿಸಿ, ಆ ಎಲ್ಲೆಯನ್ನು ಮೀರದಿರು ಎಂದು ಮಾತ್ರ ಹೇಳುತ್ತದೆ. ಹೊಲ ಮತ್ತು ಮನೆ ಒಂದೇ ಜೋಡಿಯಾಗಿ ಏಕೆ ಬಂದಿವೆ ಎಂಬುದನ್ನು ತಿಳಿಯಲು ಮೂಡುಬಿದಿರೆ ಸೀಮೆಯ ಹಳೆಯ ಮನೆಗಳ ಇತಿಹಾಸವನ್ನು ನೋಡಿದರೆ ಸಾಕು.

ಮಂಗಳೂರಿನಿಂದ ಈಶಾನ್ಯಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿರುವ ಮೂಡುಬಿದಿರೆ ‘ಜೈನಕಾಶಿ’ ಎಂದು ಪ್ರಸಿದ್ಧವಾಗಿದೆ. ಹದಿನೆಂಟು ಬಸದಿಗಳ ಈ ಊರು ಪೂರ್ತಿ ನಗರವೂ ಅಲ್ಲ, ಪೂರ್ತಿ ಹಳ್ಳಿಯೂ ಅಲ್ಲ. ಪೇಟೆಯ ಬೀದಿ ಮುಗಿಯುತ್ತಲೇ ಗದ್ದೆ ಬಯಲು, ತೆಂಗು ಕಂಗಿನ ತೋಟಗಳು ಎದುರಾಗುತ್ತವೆ. 1430ರ ಸುಮಾರಿಗೆ ಸಿದ್ಧವಾದ ತ್ರಿಭುವನತಿಲಕ ಚೂಡಾಮಣಿ ಬಸದಿಯನ್ನು, ಜನರ ಬಾಯಲ್ಲಿ ಸಾವಿರ ಕಂಬದ ಬಸದಿಯನ್ನು, ನೋಡಲು ಬರುವವರು ಬಹುಮಂದಿ. ಆದರೆ ಆ ಬಸದಿಗಳನ್ನು ಪೋಷಿಸಿದ ಕುಟುಂಬಗಳು ವಾಸಿಸಿದ ಮನೆಗಳತ್ತ ದೃಷ್ಟಿ ಹಾಯಿಸುವವರು ವಿರಳ. ಜಿನೇಶ್ವರನಿಗೆ ಕಲ್ಲಿನ ಆಲಯ, ಮನುಷ್ಯನಿಗೆ ಮಣ್ಣು ಮರಗಳ ಆಲಯ ಎಂಬುದು ಹಿಂದಿನವರ ಕ್ರಮ. ಹದಿನೈದನೆಯ ಶತಮಾನದ ಬಸದಿಗಳು ಇಂದಿಗೂ ನಿಂತಿವೆ; ಆ ಕಾಲದ ಸಾಮಾನ್ಯ ಮನೆಗಳು ಮಣ್ಣಿಗೆ ಸೇರಿವೆ.

ಉಳಿದುಬಂದ ಮನೆಗಳಲ್ಲಿ ಚೌಟರ ಅರಮನೆ ಅಗ್ರಗಣ್ಯ. ಚೌಟರು ಉಳ್ಳಾಲ, ಪುತ್ತಿಗೆ, ಮೂಡುಬಿದಿರೆಗಳಿಂದ ಆಳಿದ ಜೈನ ಅರಸರು. ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕ ಇದೇ ವಂಶದವಳು. ಹದಿನೇಳನೆಯ ಶತಮಾನದ ಈ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಸ್ತ್ರೀಯರು ಕೂಡಿ ಆನೆಯಾದ ನವನಾರೀಕುಂಜರ, ಐವರು ಕೂಡಿ ಕುದುರೆಯಾದ ಪಂಚನಾರೀತುರಗ ಮುಂತಾದ ಕೆತ್ತನೆಗಳಿವೆ. ಅರಮನೆಯ ಕೆಳಗಿನ ಅಂತಸ್ತಿನಲ್ಲಿ ಸೀಮೆಯ ತುಂಬ ಹರಡಿದ್ದವು ಬೀಡು ಮತ್ತು ಗುತ್ತಿನ ಮನೆಗಳು. ಜೈನರ ಮನೆಗಳೂ ಬಂಟರ ಮನೆಗಳೂ ರಚನೆಯಲ್ಲಿ ಬಹುಮಟ್ಟಿಗೆ ಒಂದೇ ತೆರನವು. ಮುಂದೆ ವಿಶಾಲವಾದ ಅಂಗಳ, ಎತ್ತರದ ಜಗಲಿ, ನ್ಯಾಯ ಪಂಚಾಯಿತಿಗಳು ನಡೆಯುತ್ತಿದ್ದ ಚಾವಡಿ, ಒಳಗೆ ನಡುಮನೆ, ದೇವರ ಕೋಣೆ, ಭತ್ತದ ಕಣಜ, ಮೇಲೆ ಉಪ್ಪರಿಗೆ. ಪ್ರತಿಯೊಂದು ಮನೆಯನ್ನೂ ಆ ಕುಟುಂಬಕ್ಕೆಂದೇ ಆಯ ಲೆಕ್ಕ ಹಾಕಿ, ಕೋಲಿನಿಂದ ಅಳೆದು ಆಚಾರಿಗಳು ಕಟ್ಟುತ್ತಿದ್ದರು.

ಸಾಮಗ್ರಿ ಸಮೀಪದಿಂದಲೇ ಬರುತ್ತಿತ್ತು. ಕರಾವಳಿಯ ಮುರಕಲ್ಲು ನೆಲದಿಂದ ಕಡಿಯುವಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. 1800-01ರಲ್ಲಿ ಮೈಸೂರು, ಮಲಬಾರ್, ಕೆನರಾ ಪ್ರಾಂತಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಈ ಬಗೆಯ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಗೋಡೆಗೆ ಮುರಕಲ್ಲು ಮತ್ತು ಮಣ್ಣು, ಕಂಬ ತೊಲೆಗಳಿಗೆ ಹಲಸು, ಬೋಗಿ, ತೇಗ, ಮಾಡಿಗೆ ಮುಳಿಹುಲ್ಲು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನಾಡಿನಲ್ಲಿ ಹುಲ್ಲಿನ ಮಾಡನ್ನು ಪದೇ ಪದೇ ಹೊಸದಾಗಿ ಹೊದಿಸಬೇಕಾಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಬಳಿಕ ಹುಲ್ಲು ಹೋಗಿ ಹಂಚು ಬಂದಿತು. ಈ ಮನೆಗಳು ಕಂಡ ದೊಡ್ಡ ಜೀರ್ಣೋದ್ಧಾರಗಳಲ್ಲಿ ಅದೂ ಒಂದು. ಇಂದು ‘ಹಳೆಯ ಹಂಚಿನ ಮನೆ’ ಎಂದು ಕರೆಯುವಲ್ಲಿ ಹಂಚು ಒಂದು ಕಾಲದ ಹೊಸತಾಗಿತ್ತೆಂಬುದನ್ನು ಮರೆಯಲಾಗದು. ಹಳೆಯ ಮನೆಯು ಎಂದೂ ಬದಲಾಗದ ವಸ್ತುವಾಗಿರಲಿಲ್ಲ.

ಇಷ್ಟು ದೊಡ್ಡ ಮನೆಗಳು ಏಕೆ ಬೇಕಾದವು? ಕಾರಣ ಎರಡು. ಮೊದಲನೆಯದು ಅಳಿಯಸಂತಾನ ಪದ್ಧತಿ. ಪುರೋಹಿತ ವರ್ಗದವರಾದ ಇಂದ್ರರನ್ನು ಬಿಟ್ಟರೆ ತುಳುನಾಡಿನ ಜೈನರಲ್ಲಿ ಆಸ್ತಿಯು ಹೆಣ್ಣಿನ ಕವಲಿನಲ್ಲಿ ಇಳಿದುಬರುತ್ತಿತ್ತು. ಅಜ್ಜಿ, ಆಕೆಯ ಹೆಣ್ಣುಮಕ್ಕಳು, ಅವರ ಮಕ್ಕಳು, ಸೋದರಮಾವಂದಿರು ಎಲ್ಲರೂ ಒಂದೇ ಕುಟುಂಬ. ಯಜಮಾನನು ಆಸ್ತಿಯ ಪಾಲಕ ಮಾತ್ರ. ಎಲ್ಲರ ಒಪ್ಪಿಗೆಯಿಲ್ಲದೆ ಒಬ್ಬರು ಪಾಲು ಕೇಳುವಂತಿರಲಿಲ್ಲ. ಪಾಲಾಗದ ಕುಟುಂಬಕ್ಕೆ ಪಾಲಾಗದ ಮನೆ ಬೇಕಾಯಿತು. ಎರಡನೆಯ ಕಾರಣ ಗೇಣಿ. ಕಣಜ ತುಂಬುತ್ತಿದ್ದುದು ಮೂಲಗೇಣಿ, ಚಾಲಗೇಣಿಯ ಒಕ್ಕಲುಗಳು ತಂದು ಅಳೆಯುತ್ತಿದ್ದ ಅಕ್ಕಿಯಿಂದ. ಮಳೆಗಾಲಕ್ಕೆ ಮೊದಲು ಮಾಡು ಹೊದಿಸುವ, ಅಂಗಳ ಮಾಡುವ ಕೆಲಸಗಳಿಗೂ ಅವರದೇ ಕೈಗಳು. ಚಾವಡಿಯ ಕಂಬದಲ್ಲಿ ಆಚಾರಿಯ ಕೌಶಲ ಕಣ್ಣಿಗೆ ಕಾಣುತ್ತದೆ. ಆ ಕಂಬದ ವೆಚ್ಚವನ್ನು ಹೊತ್ತ ಒಕ್ಕಲಿನ ಶ್ರಮ ಕಾಣುವುದಿಲ್ಲ. ಹಳೆಯ ಮನೆಯ ಸೌಂದರ್ಯವನ್ನು ಹೊಗಳುವವರು ಈ ಸಂಗತಿಯನ್ನು ಬಿಟ್ಟು ಹೊಗಳಿದರೆ ಅದು ಸತ್ಯವ್ರತಕ್ಕೆ ಸಲ್ಲುವ ಮಾತಾಗದು.

ಸ್ವಾತಂತ್ರ್ಯಾನಂತರ ಮೂರು ದಶಕಗಳೊಳಗೆ ಈ ಎರಡು ಆಧಾರಗಳೂ ಕಳಚಿದವು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹಳೆಯ ಪದ್ಧತಿಯನ್ನು ಇನ್ನಷ್ಟು ಸಡಿಲಿಸಿತು. ದೇವರಾಜ ಅರಸರ ಆಡಳಿತದಲ್ಲಿ ತಿದ್ದುಪಡಿಗೊಂಡ ಭೂಸುಧಾರಣಾ ಕಾಯಿದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಯ ಭೂಮಿ ಉಳುವವನದಾಯಿತು. ಕ್ಷೇತ್ರವು ಕೈಬಿಟ್ಟಿತು, ವಾಸ್ತು ಮಾತ್ರ ಉಳಿಯಿತು. ಅಂದಿನವರೆಗೆ ಜೋಡಿಯಾಗಿ ನಡೆದು ಬಂದ ಎರಡರಲ್ಲಿ ಒಂದು ಹೋದಾಗ ಇನ್ನೊಂದು ನಿಲ್ಲುವುದು ಕಷ್ಟವೆಂಬುದು ಕೆಲವೇ ವರ್ಷಗಳಲ್ಲಿ ತಿಳಿದುಬಂತು. ಮಾಡಿನ ಒಂದು ಹಂಚು ಜಾರಿದರೆ ಪಕ್ಕಾಸು ನೆನೆಯುತ್ತದೆ. ಪಕ್ಕಾಸು ನೆನೆದರೆ ಗೆದ್ದಲು ಏರುತ್ತದೆ. ಮರುವರ್ಷ ಗೋಡೆ ಬಾಯಿ ಬಿಡುತ್ತದೆ. ಮಕ್ಕಳು ಮಂಗಳೂರು, ಮುಂಬಯಿಗಳಿಗೆ ಹೊರಟರು. ಮನೆಯನ್ನು ಪಾಲು ಮಾಡಲಾಗದ ಕುಟುಂಬಗಳು ಮರವನ್ನು ಪಾಲು ಮಾಡಿಕೊಂಡವು. ಕಂಬಗಳೂ ಮುಚ್ಚಿಗೆಯ ಹಲಗೆಗಳೂ ಕೆತ್ತನೆಯ ದಾರಂದಗಳೂ ಹಳೆಯ ಮರದ ವ್ಯಾಪಾರಿಗಳ ಪಾಲಾದವು. ಹೀಗೆ ಕರಾವಳಿಯಲ್ಲಿ ಕೆಡವಲಾಗುತ್ತಿದ್ದ ಮನೆಗಳ ಭಾಗಗಳನ್ನು ಸಂಗ್ರಹಿಸಿ ಮಣಿಪಾಲದಲ್ಲಿ ಮರಳಿ ನಿಲ್ಲಿಸಲು ವಿಜಯನಾಥ ಶೆಣೈ (1934–2017) ತಮ್ಮ ಬಾಳನ್ನೇ ಮುಡಿಪಿಟ್ಟರು. ಅವರ ಸಾಧನೆ ಸ್ಮರಣೀಯ. ಆದರೆ ಅಲ್ಲಿ ಮರಳಿ ನಿಂತ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಈ ಕಥೆಯನ್ನು ಅವನತಿಯ ಕಥೆಯೆಂದು ಮಾತ್ರ ಓದುವುದು ಸುಲಭ. ಅದೇ ಕಾಲದಲ್ಲಿ ಗದ್ದೆಯ ಬದಿಯಲ್ಲಿ ಇನ್ನೊಂದು ಗೃಹನಿರ್ಮಾಣ ನಡೆದಿತ್ತು. ತಲೆಮಾರುಗಳಿಂದ ಹುಲ್ಲಿನ ಮಾಡಿನಡಿ ಇದ್ದ ಒಕ್ಕಲುಗಳು ಸ್ವಂತ ನೆಲದಲ್ಲಿ ಮುರಕಲ್ಲಿನ ಗೋಡೆ ಎಬ್ಬಿಸಿ, ಹಂಚು ಹೊದಿಸಿ, ತಮ್ಮ ಅಳತೆಗೆ ತಕ್ಕ ಮನೆಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಕೆತ್ತನೆಯಿಲ್ಲ. ಆದರೂ ಸೀಮೆಯ ವಾಸ್ತುಚರಿತ್ರೆಯಲ್ಲಿ ಅವುಗಳಿಗೂ ಸ್ಥಾನವಿದೆ. ಪರಿಗ್ರಹಕ್ಕೆ ಎಲ್ಲೆ ಹಾಕಿಕೊಳ್ಳಬೇಕೆಂದು ವ್ರತವು ಶತಮಾನಗಳಿಂದ ಹೇಳುತ್ತ ಬಂದಿತ್ತು. ಒಳಗಿನಿಂದ ಬರಬೇಕಾದ ಆ ಎಲ್ಲೆ ಕೊನೆಗೆ ಹೊರಗಿನಿಂದ, ಶಾಸನದ ರೂಪದಲ್ಲಿ ಬಂದಿತು. ತಾನಾಗಿ ಬಿಟ್ಟದ್ದು ತ್ಯಾಗವೆನಿಸುತ್ತದೆ; ಬಿಡಿಸಿಕೊಂಡದ್ದು ನಷ್ಟವೆನಿಸುತ್ತದೆ. ಅನೇಕ ಮನೆತನಗಳ ನೆನಪಿನಲ್ಲಿ 1974 ನಷ್ಟವಾಗಿ ಉಳಿಯಲು ಇದೇ ಕಾರಣ.

ಈಗ ಉಳಿದಿರುವ ಮನೆಗಳ ಮುಂದೆ ಮೂರು ದಾರಿಗಳಿವೆ. ಕೆಡವಿ ಕಾಂಕ್ರೀಟಿನ ಮನೆ ಕಟ್ಟುವುದು ಒಂದು. ಮಳೆನಾಡಿನಲ್ಲಿ ಸಮತಟ್ಟಾದ ತಾರಸಿ ಸೋರುತ್ತದೆಂದು ಅದರ ಮೇಲೆ ಪುನಃ ಇಳಿಜಾರಾದ ತಗಡಿನ ಮಾಡು ಹೊದಿಸುವುದು ಕರಾವಳಿಯುದ್ದಕ್ಕೂ ಕಾಣುವ ದೃಶ್ಯ. ಹಿರಿಯರು ಕಂಡುಕೊಂಡಿದ್ದ ಇಳಿಜಾರಿಗೆ ಎರಡು ಖರ್ಚು ಮಾಡಿ ಮರಳಿದಂತಾಯಿತು. ಹಳೆಯ ಮನೆಯನ್ನು ಹೊಸದರಂತೆ ತೋರಿಸುವುದು ಎರಡನೆಯದು. ಮಣ್ಣಿನ ಗಾರೆಯ ಮುರಕಲ್ಲಿನ ಗೋಡೆಗೆ ಸಿಮೆಂಟು ಬಳಿದರೆ ಒಳಗೆ ಸೇರಿದ ತೇವ ಹೊರಬರಲಾರದೆ ಗೋಡೆಯನ್ನೇ ತಿನ್ನುತ್ತದೆ. ಸುಣ್ಣದ ಗಾರೆಯಾದರೆ ಗೋಡೆ ಉಸಿರಾಡುತ್ತದೆ. ಮೂರನೆಯದು, ಬೇಕಾದಷ್ಟನ್ನು ಉಳಿಸಿಕೊಂಡು ದುರಸ್ತಿ ಮಾಡುವುದು: ಚಾವಡಿ, ನಡುಮನೆ, ದೇವರ ಕೋಣೆಗಳನ್ನು ಕಾದು, ಕುಸಿದ ಪಾರ್ಶ್ವವನ್ನು ಬಿಚ್ಚಿ, ಅದರ ಒಳ್ಳೆಯ ಮರದಿಂದಲೇ ಉಳಿದ ಭಾಗವನ್ನು ಭದ್ರಪಡಿಸಿ, ಅಡುಗೆಮನೆ ಬಚ್ಚಲುಗಳನ್ನು ಇಂದಿನ ಅನುಕೂಲಕ್ಕೆ ತಕ್ಕಂತೆ ಮಾಡಿಕೊಳ್ಳುವುದು.

ಗೃಹನಿರ್ಮಾಣವು ಆರಂಭೀ ಹಿಂಸೆಗೆ ಸೇರಿದ್ದು. ಅಡಿಪಾಯ ತೋಡುವಾಗ, ಕಲ್ಲು ಕಡಿಯುವಾಗ, ಮರ ಉರುಳಿಸುವಾಗ ಅಸಂಖ್ಯ ಜೀವಗಳಿಗೆ ಘಾತವಾಗುತ್ತದೆ. ಗೃಹಸ್ಥನು ಅದನ್ನು ಸಂಪೂರ್ಣವಾಗಿ ತಪ್ಪಿಸಲಾರ, ಕಡಿಮೆ ಮಾಡಬಲ್ಲ. ಇನ್ನೂರು ವರ್ಷಗಳ ಹಿಂದೆ ಉರುಳಿದ ಹಲಸಿನ ಮರವು ಇಂದಿಗೂ ಮಾಡನ್ನು ಹೊತ್ತು ನಿಂತಿದ್ದರೆ, ಅದನ್ನು ಉಳಿಸಿಕೊಂಡವನು ಇನ್ನೊಂದು ಮರದ ಜೀವವನ್ನೂ ಉಳಿಸಿದಂತೆ. ದುರಸ್ತಿಯ ದಾರಿಯಲ್ಲಿ ಅಹಿಂಸೆಯೂ ಅಪರಿಗ್ರಹವೂ ಕೂಡಿ ಬರುವುದು ಹೀಗೆ. ಆದರೆ ಆ ದುರಸ್ತಿಯು ಕಳೆದುಹೋದ ಯಜಮಾನಿಕೆಯ ಗತ್ತನ್ನು ಮರಳಿ ಮೆರೆಸುವುದಕ್ಕಾದರೆ, ಸಾಲ ಮಾಡಿ ಹದಿನಾರು ಕೋಣೆಗಳನ್ನು ಇಬ್ಬರಿಗಾಗಿ ನಿಲ್ಲಿಸಿದರೆ, ಪರಿಮಾಣದ ಎಲ್ಲೆ ಮತ್ತೆ ಮೀರಿತು.

ಮನೆಯನ್ನು ಕಟ್ಟಿಸುವವನಾಗಲಿ ಉದ್ಧರಿಸುವವನಾಗಲಿ ಆಚಾರಿಯ ಕೈಗೆ ಕೋಲು ಕೊಡುವ ಮೊದಲು ತನ್ನ ಅಗತ್ಯವನ್ನು ತಾನೇ ಅಳೆದುಕೊಳ್ಳುವುದು ಶ್ರಾವಕಧರ್ಮಕ್ಕೆ ಒಪ್ಪುವ ಕ್ರಮ. ಯಾರ ಶ್ರಮದಿಂದ ಈ ಮನೆ ಎದ್ದಿತು, ಯಾರಿಗಾಗಿ ಇದು ನಿಲ್ಲಬೇಕು ಎಂಬ ಎರಡು ಪ್ರಶ್ನೆಗಳಿಗೆ ಪ್ರಾಮಾಣಿಕವಾದ ಉತ್ತರ ದೊರೆತರೆ, ಎಷ್ಟು ಉಳಿಸಬೇಕೆಂಬುದು ತಾನಾಗಿ ತಿಳಿಯುತ್ತದೆ.